2022ರ ಬೇಸಿಗೆ, ನಮ್ಮ ಮನೆಯ 36 ದಿನಗಳ ರಜೆ

ನೀವು ಕೇಳಿದ್ದರಲ್ಲಿ ಎರಡು ಪ್ರಶ್ನೆ ಇವೆ. ಕ್ರೈಸ್ತರ ಮನೆಗಳಲ್ಲಿ ಮಕ್ಕಳ ಬೇಸಿಗೆ ರಜೆ ಹೇಗಿರುತ್ತದೆ ಎನ್ನುವುದು ಒಂದು. ಮನೆಯಲ್ಲಿ ಒಂದರ ಬೆನ್ನಿಗೊಂದು ತೊಂದರೆ ಬಂದಾಗಲೂ ಪ್ರಾರ್ಥನೆಗೆ ಕೂರಲು ಮನಸ್ಸಾದರೂ ಹೇಗೆ ಬರುತ್ತದೆ ಎನ್ನುವುದು ಇನ್ನೊಂದು. ಎಲ್ಲ ಕ್ರೈಸ್ತರ ಪರವಾಗಿ ನಾನು ಮಾತಾಡಲಾರೆ. ನಮ್ಮ ಮನೆಯ ಒಂದು ಬೇಸಿಗೆಯನ್ನು ಹೇಳುತ್ತೇನೆ, ಎರಡಕ್ಕೂ ಉತ್ತರ ಅದರಲ್ಲೇ ಇದೆ.

ನಾವು ಧಾರವಾಡದವರು, ಸಿ.ಎಸ್.ಐ., ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟಂಟ್ ಪಂಗಡದ ಸಭೆಯವರು. ಸಭೆ ಎಂದರೆ ಒಂದು ಚರ್ಚಿಗೆ ಸೇರಿದ ಜನ. ನನ್ನ ತವರು ಉಡುಪಿ ಕಡೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದು, ಮೂರು ವರ್ಷಕ್ಕೆ ಧಾರವಾಡಕ್ಕೂ ಬಂದರು. ಅವರು ಕಟ್ಟಿದ ಕರಾವಳಿಯ ಸಭೆಗಳಿಗೂ ಧಾರವಾಡ, ಹುಬ್ಬಳ್ಳಿ, ಬೆಟಗೇರಿಯ ಸಭೆಗಳಿಗೂ ಹೆಣ್ಣು ಕೊಟ್ಟು ತರುವ ನಂಟು ಇಂದಿಗೂ ಇದೆ. ನಾನು ಈ ಮನೆಗೆ ಬಂದದ್ದೂ ಹಾಗೆಯೇ. ಮನೆಯಲ್ಲಿ ಅತ್ತೆ, ನಮ್ಮ ಮನೆಯವರು, ಆಗ ಎಂಟನೇ ಕ್ಲಾಸ್ ಮುಗಿಸಿದ್ದ ಮಗಳು, ಮೂರನೇ ಕ್ಲಾಸ್ ಮುಗಿಸಿದ್ದ ಮಗ. ಮಾವ ಇರಲಿಲ್ಲ. ಹಿಂದಿನ ವರ್ಷ, 2021ರ ಮೇ 11ರಂದು, ಕೊರೋನಾದ ಎರಡನೇ ಅಲೆಯಲ್ಲಿ ತೀರಿಕೊಂಡಿದ್ದರು.

ಅದನ್ನು ಹೇಳದೆ ಮುಂದಕ್ಕೆ ಹೋಗಲಾಗುವುದಿಲ್ಲ. ಆಗ ನಾನೂ ನಮ್ಮ ಮನೆಯವರೂ ಪಾಸಿಟಿವ್, ಮನೆಯಿಂದ ಹೊರಗೆ ಕಾಲಿಡುವಂತಿರಲಿಲ್ಲ. ಸಭೆಯ ನಾಲ್ಕು ಹುಡುಗರು ಪಿಪಿಇ ಕಿಟ್ ಹಾಕಿಕೊಂಡು ಮಾವನನ್ನು ಹೊತ್ತು ಮಣ್ಣು ಮಾಡಿದರು. ಅಯ್ಯನವರು, ಅಂದರೆ ನಮ್ಮ ಪಾಸ್ಟರ್, ದೂರ ನಿಂತು ಪ್ರಾರ್ಥನೆ ಹೇಳುವುದನ್ನು ನಾವು ಫೋನಿನಲ್ಲಿ ನೋಡುತ್ತಿದ್ದೆವು. ನಡುವೆ ನೆಟ್‌ವರ್ಕ್ ಹೋಯಿತು. ತಿರುಗಿ ಬರುವಷ್ಟರಲ್ಲಿ ಕುಣಿ ಮುಚ್ಚಿ ಆಗಿತ್ತು. ಹಡೆದ ತಂದೆಗೆ ಒಂದು ಹಿಡಿ ಮಣ್ಣು ಹಾಕಲು ನಮ್ಮ ಮನೆಯವರಿಗೆ ಆಗಲಿಲ್ಲ.

ನಮ್ಮಲ್ಲಿ ರಾತ್ರಿ ಎಂಟಕ್ಕೆ ಮನೆಮಂದಿಯೆಲ್ಲ ಕೂತು ಪ್ರಾರ್ಥನೆ ಮಾಡುತ್ತೇವೆ. ಒಂದು ಹಾಡು, ಸತ್ಯವೇದದಿಂದ, ಅಂದರೆ ಬೈಬಲಿನಿಂದ, ಒಂದು ಭಾಗ, ಆಮೇಲೆ ಒಬ್ಬೊಬ್ಬರಾಗಿ ಪ್ರಾರ್ಥನೆ. ಮಾವ ಇದ್ದಾಗ ಬೆತ್ತದ ಕುರ್ಚಿಯಲ್ಲಿ ಕೂತು ಅವರೇ ಓದುತ್ತಿದ್ದರು. ಓದಿ ಮುಗಿಸಿದ ಕೂಡಲೇ ಆ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ತಾರೀಕು ಬರೆಯುವುದು ಅವರ ರೂಢಿ. ಅವರು ಹೋದ ಮೇಲೆ ನಮ್ಮ ಮನೆಯವರು ಚರ್ಚಿಗೆ ಬರುವುದನ್ನು ಬಿಡಲಿಲ್ಲ, ದೇವರನ್ನು ಬೈಯಲೂ ಇಲ್ಲ. ಆದರೆ ಎಂಟು ಗಂಟೆಯಾದರೆ ಎದ್ದು ಹೋಗಿ ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದರು. ನಾನು ಒಂದು ದಿನ ಕರೆಯಲು ಎದ್ದಾಗ ಅತ್ತೆ ಸೆರಗು ಹಿಡಿದು ಕೂರಿಸಿದರು. “ಕರೀಬ್ಯಾಡ. ಅವಂಗ ಬಾಯಿ ಬರವಲ್ದು. ಅವನ ಪಾಲಿಂದೂ ನಾವ ಹೇಳೂಣು.” ವರ್ಷವಿಡೀ ಹಾಗೇ ನಡೆಯಿತು.

2022ರಲ್ಲಿ ಕೊರೋನಾದಿಂದ ಹಿಂದೆ ಬಿದ್ದ ಪಾಠ ತುಂಬಿಸಬೇಕೆಂದು ಮೇ 16ಕ್ಕೇ ಶಾಲೆ ಶುರು. ರಜೆ ಸಿಕ್ಕಿದ್ದು ಏಪ್ರಿಲ್ 10ರಿಂದ, ಬರೀ 36 ದಿನ. ಏಪ್ರಿಲ್ 10 ಗರಿಗಳ ಭಾನುವಾರವೂ ಆಗಿತ್ತು. ಯೇಸು ಕತ್ತೆಯ ಮೇಲೆ ಯೆರೂಸಲೇಮಿಗೆ ಬಂದಾಗ ಜನ ಗರಿ ಹಿಡಿದು ಎದುರುಗೊಂಡದ್ದನ್ನು ನೆನೆಯುವ ದಿನ. ಎರಡು ವರ್ಷ ಮೆರವಣಿಗೆಯೇ ಇರಲಿಲ್ಲವಲ್ಲ, ಮಕ್ಕಳು ತೆಂಗಿನ ಗರಿ ಬೀಸುತ್ತ “ಹೊಸನ್ನ” ಎಂದು ಕೂಗಿದ ಕೂಗಿಗೆ ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತರು. ಮಂಗಳೂರಿನಿಂದ ನಾದಿನಿಯ ಇಬ್ಬರು ಮಕ್ಕಳೂ ಬಂದಿದ್ದರು. ನಾಲ್ಕು ಮಕ್ಕಳು ಸೇರಿದರೆ ನಳಕ್ಕೆ ನೀರು ಬರುವ ದಿನವೂ ಹಬ್ಬವೇ. ಕೊಡ, ಬಕೆಟ್, ಡಬರಿ ತುಂಬಿಸುವಷ್ಟರಲ್ಲಿ ನಾಲ್ವರೂ ತೊಯ್ದು ತೊಪ್ಪೆ.

ಶುಭ ಶುಕ್ರವಾರ ಮಧ್ಯಾಹ್ನ 12ರಿಂದ 3ರವರೆಗೆ ಆರಾಧನೆ. ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಧ್ಯಾನ ಅದು. ಬೆಳಗಿನಿಂದ ಉಪವಾಸ, ಹೊರಗೆ ಉರಿ ಬಿಸಿಲು. ಮನೆಗೆ ಬಂದು ಕುಚ್ಚಲಕ್ಕಿ ಗಂಜಿ ಉಣ್ಣುತ್ತೇವೆ. ಇದು ನಾನು ತವರಿನಿಂದ ತಂದ ಪದ್ಧತಿ. ಉಪ್ಪಿನಕಾಯಿ ಸಾಕು ಎಂದು ನಾನು, ಶೇಂಗಾ ಚಟ್ನಿಪುಡಿ ಇಲ್ಲದೆ ಗಂಜಿ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಅತ್ತೆ. ಈಗ ಎರಡನ್ನೂ ಇಡುತ್ತೇವೆ.

ಈಸ್ಟರ್ ಏಪ್ರಿಲ್ 17ಕ್ಕೆ. ನಮ್ಮ ಸಭೆಯವರು ಅಂದು ನಸುಕಿನಲ್ಲಿ ಸಮಾಧಿ ಭೂಮಿಯಲ್ಲಿ ಸೇರುತ್ತೇವೆ. ಯೇಸುವಿನ ಪುನರುತ್ಥಾನದ, ಅಂದರೆ ಸತ್ತು ಮತ್ತೆ ಎದ್ದು ಬಂದ, ಸುದ್ದಿ ಮೊದಲು ತಿಳಿದದ್ದು ಸಮಾಧಿಯ ಹತ್ತಿರವೇ ಅಲ್ಲವೇ. ಐದೂವರೆಗೆ ಇನ್ನೂ ಕತ್ತಲು. ಒಂದೊಂದು ಗೋರಿಯ ಮೇಲೂ ಮೇಣದಬತ್ತಿ, ಸೇವಂತಿಗೆ ಹೂವು. ಅಯ್ಯನವರು “ಕ್ರಿಸ್ತನು ಎದ್ದಿದ್ದಾನೆ” ಎಂದರು, ನಾವೆಲ್ಲ “ನಿಜವಾಗಿಯೂ ಎದ್ದಿದ್ದಾನೆ” ಎಂದೆವು. ಹಾಡು ಶುರುವಾದಾಗ ಪಕ್ಕಕ್ಕೆ ನೋಡಿದೆ. ನಮ್ಮ ಮನೆಯವರು ಬಗ್ಗಿ, ಮಾವನ ಗೋರಿಯ ಬದಿಯಿಂದ ಒಂದು ಹಿಡಿ ಕೆಂಪು ಮಣ್ಣು ತೆಗೆದುಕೊಂಡು, ಅದರಲ್ಲಿದ್ದ ಸಣ್ಣ ಕಲ್ಲುಗಳನ್ನು ಬೆರಳಿನಿಂದ ಆರಿಸಿ ಬಿಸಾಕಿ, ಉಳಿದ ಮಣ್ಣನ್ನು ಗೋರಿಯ ಮೇಲೆ ಹಾಕಿದರು. ಮಗ ಅದನ್ನು ನೋಡಿ ತಾನೂ ಹಾಗೇ ಕಲ್ಲು ಆರಿಸಿ ಒಂದು ಹಿಡಿ ಹಾಕಿದ. ಬೆಳಕು ಹರಿಯುವವರೆಗೆ ನಮಗೆ ಹಾಡಲಾಗಲಿಲ್ಲ. ಸುತ್ತ ನಿಂತವರು ಹಾಡಿದರು. ಮಧ್ಯಾಹ್ನ ಮಟನ್ ಸಾರು, ಅತ್ತೆ ಮಾಡಿದ ಶಾವಿಗೆ ಪಾಯಸ. ಅತ್ತೆಯ ಕೈಯ ಪಾಯಸ ಮನೆಯಲ್ಲಿ ಒಂದು ವರ್ಷದಿಂದ ಆಗಿರಲಿಲ್ಲ.

ಅದಾಗಿ ಆರನೇ ದಿನ, ಶನಿವಾರ, ಮಗ ಮಾವಿನ ಮರದಿಂದ ಬಿದ್ದ.

ಹಿತ್ತಲಿನ ಆಪೂಸ್ ಗಿಡ ಮಾವ ಹಚ್ಚಿದ್ದು. ಆ ವರ್ಷ ಹೂವು ಉದುರಿ ಕಾಯಿ ಕಡಿಮೆ, ಇದ್ದವೂ ತುದಿಯ ಕೊಂಬೆಯಲ್ಲಿ. ಅಜ್ಜನ ಗಿಡದ ಮೊದಲ ಹಣ್ಣು ಅಜ್ಜಿಗೆ ಕೊಡಬೇಕೆಂದು ಹತ್ತಿದವನು ಕೊಂಬೆ ಸಮೇತ ಕೆಳಗೆ ಬಂದ. ಬಲ ಮುಂಗೈ ಸೊಟ್ಟಗಾಗಿತ್ತು. ನನಗೆ ಕೈಕಾಲೇ ಆಡಲಿಲ್ಲ. ಮಗಳು ಓಡಿ ಬಂದು ಎರಡು ಸ್ಕೇಲು ಇಟ್ಟು ತನ್ನ ದುಪಟ್ಟಾದಿಂದ ತಮ್ಮನ ಕೈ ಕಟ್ಟಿದಳು. ಗೈಡ್ಸ್‌ನಲ್ಲಿ ಕಲಿತಿದ್ದಳಂತೆ. ಆಸ್ಪತ್ರೆಯಲ್ಲಿ ಡಾಕ್ಟರು ಅದನ್ನು ಬಿಚ್ಚುತ್ತ “ಯಾರು ಕಟ್ಟಿದ್ದು? ಚೆನ್ನಾಗಿ ಕಟ್ಟಿದ್ದಾರೆ” ಎಂದಾಗ ಅವಳ ಕಣ್ಣು ತುಂಬಿತು. ಆರು ವಾರ ಪ್ಲಾಸ್ಟರ್.

ಆ ರಾತ್ರಿ ಪ್ರಾರ್ಥನೆಗೆ ಕೂತಾಗ ಮಗ ಕೇಳಿದ್ದನ್ನು ನಾನು ಮರೆಯಲಾರೆ.

“ಅಜ್ಜಿ, ಮುಂಜಾನೆ ನೀನು ಮಕ್ಕಳನ್ನ ಕಾಪಾಡು ಅಂತ ಕೇಳಿದ್ದಿ. ಮತ್ತ ನಾ ಯಾಕ ಬಿದ್ದೆ?”

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಗೊತ್ತಿಲ್ಲೋ ತಮ್ಮಾ. ನಿಮ್ಮ ಅಜ್ಜಾನ ಸಲುವಾಗೂ ಹಂಗ ಕೇಳಿದ್ದೆ.”

“ಮತ್ತ?”

“ಅವ್ರು ಹೋದ್ರು. ಆದ್ರ ನಾ ಕೇಳೂದು ಬಿಟ್ಟಿಲ್ಲ. ಯಾರ ಮುಂದ ಅಳಬೇಕು ನಾ? ಅವನ ಮುಂದನ ಅಳಬೇಕು.”

ಮಗ ಕೈಗೆ ತಲೆದಿಂಬು ಬೇಕೆಂದ. ಕಟ್ಟೆಯ ಮೇಲಿದ್ದ ನಮ್ಮ ಮನೆಯವರಿಗೆ ಅದು ಕೇಳಿಸಿತು. ದಿಂಬು ತಂದು ಮಗನ ಕೈ ಕೆಳಗೆ ಇಟ್ಟರು. ತಿರುಗಿ ಹೊರಗೆ ಹೋಗಲಿಲ್ಲ, ಹೊಸ್ತಿಲ ಹತ್ತಿರ ಗೋಡೆಗೆ ಒರಗಿ ಕೂತರು.

ಏಪ್ರಿಲ್ ಕೊನೆಯ ವಾರ ವಿ.ಬಿ.ಎಸ್. ಶುರು. ರಜೆಯಲ್ಲಿ ಮಕ್ಕಳಿಗೆ ಸಭೆಯವರು ನಡೆಸುವ ವೇದಪಾಠ ಶಾಲೆ ಅದು. ನಮ್ಮ ಮಕ್ಕಳಿಗೆ ಬೇಸಿಗೆ ಎಂದರೆ ಮೊದಲು ನೆನಪಾಗುವುದೇ ಇದು. ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಅಭಿನಯದ ಹಾಡು, ಕಥೆ, ಬಾಯಿಪಾಠದ ವಚನ, ಬಣ್ಣದ ಕಾಗದದ ಕೆಲಸ, ಮಧ್ಯೆ ಬಿಸ್ಕೀಟು, ಶರಬತ್ತು. ಜಾತಿ ಮತ ನೋಡದೆ ಓಣಿಯ ಮಕ್ಕಳೂ ಬರುತ್ತಾರೆ. ಎರಡು ದಿನಕ್ಕೇ ಮಗನ ಪ್ಲಾಸ್ಟರ್ ಮೇಲೆ ಬಿಳಿ ಜಾಗ ಉಳಿಯಲಿಲ್ಲ. ಹೆಸರು, ಹೂವು, ನಕ್ಷತ್ರ, ಒಂದು ಮೀನು.

ಕೊನೆಯ ದಿನದ ಕಾರ್ಯಕ್ರಮಕ್ಕೆ ಮಾರ್ಕನ ಸುವಾರ್ತೆಯ ಎರಡನೇ ಅಧ್ಯಾಯದ ನಾಟಕ. ಕಪೆರ್ನೌಮಿನಲ್ಲಿ ಯೇಸು ಇದ್ದ ಮನೆಗೆ ನಾಲ್ಕು ಜನ ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತರುತ್ತಾರೆ. ಬಾಗಿಲ ತುಂಬ ಜನ. ಆಗ ಮಾಳಿಗೆ ತೆಗೆದು, ಹಾಸಿಗೆ ಸಮೇತ ಅವನನ್ನು ಕೆಳಗೆ ಇಳಿಸುತ್ತಾರೆ. ಹೊರುವ ನಾಲ್ವರಲ್ಲಿ ಒಬ್ಬನಾಗಬೇಕೆಂದು ನನ್ನ ಮಗನ ಆಸೆ. ಒಂದು ಕೈಯಲ್ಲಿ ಹೊರುವುದು ಹೇಗೆ? ಅವನಿಗೆ ಸಿಕ್ಕಿದ್ದು ರೋಗಿಯ ಪಾತ್ರ. ಅಭ್ಯಾಸದ ದಿನ ಜಮಖಾನದ ಒಂದು ಮೂಲೆ ಕೈ ತಪ್ಪಿ ಅವನು ಜಾರಿ ಬಿದ್ದ, ಪುಣ್ಯಕ್ಕೆ ಎಡ ಮಗ್ಗುಲಿಗೆ. ಕಾರ್ಯಕ್ರಮದ ದಿನ ನಾಲ್ಕು ಹುಡುಗರು ಹಲ್ಲು ಕಚ್ಚಿ ಹಿಡಿದರು. ಕಥೆ ಹೇಳುತ್ತಿದ್ದ ಟೀಚರ್ ಒಂದು ಮಾತಿಗೆ ಒತ್ತು ಕೊಟ್ಟರು. ಯೇಸು ನೋಡಿದ್ದು ಮಲಗಿದ್ದವನ ನಂಬಿಕೆಯನ್ನಲ್ಲ, ಹೊತ್ತು ತಂದವರ ನಂಬಿಕೆಯನ್ನು ಎಂದು. ಸತ್ಯವೇದದಲ್ಲಿ ಇರುವುದೂ “ಅವರ ನಂಬಿಕೆ” ಎಂದೇ. ಚಿಕ್ಕಂದಿನಿಂದ ಎಷ್ಟೋ ಸಲ ಕೇಳಿದ ಕಥೆ, ಆ “ಅವರ” ಅನ್ನುವುದು ನನ್ನ ಕಿವಿಗೆ ಬಿದ್ದದ್ದು ಅಂದೇ.

ನಿಮ್ಮ ಎರಡನೇ ಪ್ರಶ್ನೆಗೆ ನಾನು ಕೊಡಬಲ್ಲ ಉತ್ತರ ಇದು. ಕೆಲವೊಮ್ಮೆ ಮನಸ್ಸು ಬರುವುದೇ ಇಲ್ಲ. ಆಗ ಬೇರೆಯವರು ಹೊರುತ್ತಾರೆ.

ಮನೆಗೆ ನಡೆದು ಬರುವಾಗ ನಮ್ಮ ಮನೆಯವರು “ಅಪ್ಪನ್ನೂ ನಾಕ ಹುಡುಗ್ರು ಹೊತ್ರಲ್ಲ” ಎಂದರು. ಇನ್ನೇನೂ ಹೇಳಲಿಲ್ಲ. ಮರುದಿನ ಸಂಜೆ ಮಾರ್ಕೆಟ್ಟಿನಿಂದ ನಾಲ್ಕು ಪೆಟ್ಟಿಗೆ ಆಪೂಸ್ ತಂದು, ನನ್ನನ್ನೂ ಕರೆದುಕೊಂಡು ಆ ನಾಲ್ವರ ಮನೆಗೂ ಹೋದರು. ಒಬ್ಬ ಗ್ಯಾರೇಜಿನಲ್ಲಿ ಕೆಲಸ ಮಾಡುವವನು, ಕೈಯೆಲ್ಲ ಗ್ರೀಸ್. “ಅಣ್ಣಾ, ನೀವು ಬರಲಿಕ್ಕಾಗಿಲ್ಲ ಅಂತ ನಾ ಎರಡ ಹಿಡಿ ಹಾಕೇನಿ, ನಿಮ್ಮದೂ ಸೇರಿಸಿ” ಎಂದ. ನಮ್ಮ ಮನೆಯವರು ಆ ಗ್ರೀಸ್ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನಿಂತರು.

ಮೇ 7ಕ್ಕೆ ಬೆಟಗೇರಿಯಲ್ಲಿ ನೆಂಟರ ಮದುವೆ. ಹೋಗುವಾಗ ಅಣ್ಣಿಗೇರಿ ಹತ್ತಿರ ಟೈರು ಪಂಕ್ಚರ್, ಸ್ಟೆಪ್ನಿಯಲ್ಲೂ ಗಾಳಿ ಇಲ್ಲ. ಸುತ್ತ ನೇಗಿಲು ಹೊಡೆದ ಎರೆಹೊಲ, ಒಂದು ಗಿಡದ ನೆರಳೂ ಇಲ್ಲ. ಟ್ರ್ಯಾಕ್ಟರಿನಲ್ಲಿ ಬಂದ ರೈತರೊಬ್ಬರು ಟೈರನ್ನೂ ನಮ್ಮ ಮನೆಯವರನ್ನೂ ಹತ್ತಿಸಿಕೊಂಡು ಊರೊಳಗೆ ಹೋಗಿ, ಸರಿಮಾಡಿಸಿ, ಮಕ್ಕಳಿಗೆಂದು ಗಿರಮಿಟ್ಟು, ಮಿರ್ಚಿ ಕಟ್ಟಿಸಿ ಕಳಿಸಿದರು. ದುಡ್ಡು ಮುಟ್ಟಲಿಲ್ಲ. ನಾವು ಚರ್ಚ್ ಮುಟ್ಟಿದಾಗ ಮದುಮಕ್ಕಳು ರಿಜಿಸ್ಟರಿನಲ್ಲಿ ಸಹಿ ಹಾಕುತ್ತಿದ್ದರು. ಊಟಕ್ಕಂತೂ ಸಿಕ್ಕೆವು. ಆ ರೈತರ ಹೆಸರು ಕೇಳದೆ ಬಂದೆವಲ್ಲ ಎಂಬ ಕೊರಗು ಅತ್ತೆಗೆ ಇನ್ನೂ ಇದೆ. ಪ್ರಾರ್ಥನೆಯಲ್ಲಿ ಈಗಲೂ “ಟ್ರ್ಯಾಕ್ಟರಿನವರು” ಎಂದೇ ನೆನೆಯುತ್ತಾರೆ.

ಮೇ 11, ಮಾವ ಹೋಗಿ ಒಂದು ವರ್ಷ. ಸಂಜೆ ನಾಲ್ಕು ಜನರನ್ನು ಕರೆದು ಸ್ಮರಣೆಯ ಪ್ರಾರ್ಥನೆ ಇಟ್ಟುಕೊಂಡಿದ್ದೆವು. ಆರು ಗಂಟೆಗೆ ಗಾಳಿ ಎದ್ದಿತು, ಗುಡುಗು, ಅದರ ಹಿಂದೆ ಆಣೆಕಲ್ಲು. ಕರೆಂಟ್ ಹೋಯಿತು. ಮಾವಿನ ಗಿಡದ ಕೊಂಬೆ ಮುರಿದು ಅಡುಗೆಮನೆಯ ಹಂಚಿನ ಮೇಲೆ ಬಿತ್ತು. ಕರೆದವರು ಯಾರೂ ಬರಲಾಗಲಿಲ್ಲ. ಸೋರುವಲ್ಲೆಲ್ಲ ಡಬರಿ ಇಟ್ಟು, ಮೇಣದಬತ್ತಿ ಹಚ್ಚಿ, ನಾವು ನಾವೇ ಕೂತೆವು. ಅತ್ತೆ ಮಾವನ ಸತ್ಯವೇದ ತೆಗೆದರು. ಆ ಬೆಳಕಿನಲ್ಲಿ ಅವರಿಗೆ ಅಕ್ಷರ ಕಾಣಿಸಲಿಲ್ಲ. ಸ್ವಲ್ಪ ಹೊತ್ತು ಕಣ್ಣು ಕಿರಿದು ಮಾಡಿ ನೋಡಿ, ಪುಸ್ತಕವನ್ನು ನಮ್ಮ ಮನೆಯವರ ಕಡೆ ಚಾಚಿ, “ನನಗ ಕಾಣವಲ್ದು, ನೀನ ಓದು” ಎಂದರು.

ಅವರು ಫೋನಿನ ಟಾರ್ಚ್ ಹಚ್ಚಿ 121ನೇ ಕೀರ್ತನೆ ಓದಿದರು. ಕಾಯುವವನು ತೂಕಡಿಸುವುದಿಲ್ಲ ಎನ್ನುವ ಕೀರ್ತನೆ. ಒಂದು ವರ್ಷದ ನಂತರ ಆ ಹೊತ್ತಿನಲ್ಲಿ ಅವರ ದನಿ ಮನೆಯಲ್ಲಿ ಕೇಳಿತು. ಮಾವನ ಹಾಗೆಯೇ ಸಾಲಿನ ಕೊನೆಗೆ ನಿಲ್ಲಿಸಿ ನಿಲ್ಲಿಸಿ ಓದುತ್ತಾರೆ ಎಂದು ನಾನು ಅಂದೇ ಗಮನಿಸಿದ್ದು. ಓದಿ ಮುಗಿಸಿದವರು ಪುಟದ ಅಂಚನ್ನೇ ನೋಡುತ್ತ ಕೂತರು. ಅಲ್ಲಿ ಪೆನ್ಸಿಲಿನ ಒಂಬತ್ತು ತಾರೀಕು, ಒಂದರ ಕೆಳಗೊಂದು. ಮಗಳು ಎದ್ದು ಹೋಗಿ ತನ್ನ ಕಂಪಾಸ್ ಡಬ್ಬಿಯಿಂದ ಪೆನ್ಸಿಲ್ ತಂದು ಅಪ್ಪನ ಮುಂದೆ ಹಿಡಿದಳು. ಅವರು ಹತ್ತನೆಯದನ್ನು ಬರೆದರು. 11-5-22.

ಹತ್ತೂವರೆಗೆ ಕರೆಂಟ್ ಬಂತು. ನೆಲ ಒರೆಸಿ ಮುಗಿಸುವಾಗ ಹನ್ನೊಂದೂವರೆ.

ಬೆಳಿಗ್ಗೆ ಮಕ್ಕಳು ಅಂಗಳದಲ್ಲಿ ಹಂಚಿನ ಚೂರು ಆರಿಸಿದರು. ಒಂದು ದೊಡ್ಡ ತುಂಡಿನ ಮೇಲೆ ಉಬ್ಬಿದ ಇಂಗ್ಲಿಷ್ ಅಕ್ಷರ, ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865. ಮಂಗಳೂರಿನ ಜಪ್ಪುವಿನಲ್ಲಿ ಮಿಶನ್‌ನವರು ಹಂಚಿನ ಕಾರ್ಖಾನೆ ತೆಗೆದ ಇಸವಿ ಅದು. ನಾದಿನಿಯ ಮಗ ಆ ತುಂಡನ್ನು ತೊಳೆದು, ಬಿಸಿಲಿಗಿಟ್ಟು, ಹಳೆ ಟವೆಲಿನಲ್ಲಿ ಸುತ್ತಿದ. 14ರಂದು ಬಸ್ಸು ಹತ್ತುವಾಗ ಬ್ಯಾಗಿನಲ್ಲಿ ಇಡಲು ಒಪ್ಪಲಿಲ್ಲ, ಮಂಗಳೂರಿನವರೆಗೂ ತೊಡೆಯ ಮೇಲೇ ಇಟ್ಟುಕೊಂಡು ಹೋದ.