ಪ್ಲೇಟ್‌ಲೆಟ್ 22,000 ಇರುವಾಗ ಮೂಳೆಮಜ್ಜೆ ಪರೀಕ್ಷೆ ಬೇಕೇ?

ಪ್ರಶ್ನೆ: ತಮ್ಮನಿಗೆ 34 ವರ್ಷ. ಜ್ವರ ಬಿಡುತ್ತಿಲ್ಲ, ಒಸಡಿನಲ್ಲಿ ರಕ್ತ ಬರುತ್ತಿದೆ. ಹಾಸನದಲ್ಲಿ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 7.2, ಬಿಳಿ ರಕ್ತಕಣ 46,000, ಪ್ಲೇಟ್‌ಲೆಟ್ 22,000, ಬ್ಲಾಸ್ಟ್ 60% ಎಂದಿದೆ. ಮೂಳೆಮಜ್ಜೆ ತೆಗೆಯಬೇಕು ಎನ್ನುತ್ತಾರೆ. ರಕ್ತ ನಿಲ್ಲದಿದ್ದರೆ ಎಂಬ ಭಯ.
– ಓದುಗರು, ಸಕಲೇಶಪುರ

ಉತ್ತರ: ಮಾಡಿಸಿ, ತಡ ಬೇಡ. ಸೂಜಿ ಹಾಕುವುದು ಸೊಂಟದ ಹಿಂಬದಿಯ ಮೂಳೆಗೆ. ಅಲ್ಲಿ ಚೆನ್ನಾಗಿ ಒತ್ತಿ ಹಿಡಿದರೆ ಸಾಮಾನ್ಯವಾಗಿ ರಕ್ತ ನಿಲ್ಲುತ್ತದೆ.

ಬ್ಲಾಸ್ಟ್ ಎಂದರೆ ಮಜ್ಜೆಯಲ್ಲೇ ಉಳಿಯಬೇಕಾದ, ಇನ್ನೂ ಬಲಿಯದ ಕಣ. ಅದು 20% ಮುಟ್ಟಿದರೆ ಸಾಮಾನ್ಯವಾಗಿ ಅಕ್ಯೂಟ್ ಲುಕೇಮಿಯಾ, ಅಂದರೆ ಬೇಗ ಬೆಳೆಯುವ ರಕ್ತದ ಕ್ಯಾನ್ಸರ್, ಎನ್ನುತ್ತೇವೆ. ರಕ್ತಕಣ ಎಣಿಸುವ ಯಂತ್ರ ಬ್ಲಾಸ್ಟನ್ನು ಮಾನೋಸೈಟ್ (ಬಿಳಿ ರಕ್ತಕಣದ ಒಂದು ಬಗೆ) ಎಂದು ಎಣಿಸುವುದುಂಟು, ಹಾಗಾಗಿ ಪೆಥಾಲಜಿಸ್ಟ್ ಸ್ಲೈಡ್ ನೋಡಿರಲೇಬೇಕು. ಬ್ಲಾಸ್ಟ್ ಒಳಗೆ ಸೂಜಿಯಂಥ ಕೆಂಪು ಔಯರ್ ಕಡ್ಡಿ ಕಂಡರೆ ಅದು ಲುಕೇಮಿಯಾದ ಎರಡು ಮುಖ್ಯ ಬಗೆಗಳಲ್ಲಿ ಒಂದಾದ ಮೈಲಾಯ್ಡ್ ಬಗೆ. ಕಾಣದಿದ್ದರೆ ಯಾವ ಬಗೆ ಎಂದು ಫ್ಲೋ ಸೈಟೊಮೆಟ್ರಿಯೇ (ಕಣಗಳ ಮೇಲಿನ ಗುರುತುಗಳನ್ನು ಪತ್ತೆಹಚ್ಚುವ ಪರೀಕ್ಷೆ) ಹೇಳಬೇಕು.

ಮಜ್ಜೆ ಎಳೆಯುವಾಗ ಮೊದಲ ಅರ್ಧ ಮಿಲಿ ಸ್ಲೈಡಿಗೇ ಹೋಗಬೇಕು. ಆಮೇಲೆ ಎಳೆದದ್ದಕ್ಕೆ ರಕ್ತ ಬೆರೆತು ಬ್ಲಾಸ್ಟ್ ಪ್ರಮಾಣ ಕಮ್ಮಿ ಕಾಣುತ್ತದೆ. ಫ್ಲೋಗೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್, ಕ್ರೋಮೋಸೋಮ್ ಪರೀಕ್ಷೆಗೆ ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬ್. ಬೆಂಗಳೂರಿಗೆ ಕಳಿಸುವುದಾದರೆ ಫ್ರೀಜರಿನಲ್ಲಿ ಇಡಬಾರದು: ಕಣಗಳು ಜೀವಂತ ಇರಬೇಕು, ಒಂದು ದಿನದೊಳಗೆ ತಲುಪಿದರೆ ಒಳ್ಳೆಯದು.

ನಮಗೆ ಹೆಚ್ಚು ಆತಂಕ ಒಸಡಿನ ರಕ್ತದ್ದು. ಮೈಲಾಯ್ಡ್‌ನಲ್ಲೇ ಒಂದಾದ ಪ್ರೋಮೈಲೋಸಿಟಿಕ್ ಬಗೆಯಲ್ಲಿ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯೇ ಕೆಡುತ್ತದೆ. ಅದನ್ನು ತಿಳಿಸುವ ರಕ್ತ ಪರೀಕ್ಷೆಗಳಾದ ಪಿಟಿ, ಫೈಬ್ರಿನೋಜೆನ್, ಡಿ-ಡೈಮರ್ ಇವತ್ತೇ ಮಾಡಿಸಿ. ಆ ಬಗೆಯೆಂಬ ಅನುಮಾನ ಬಂದರೆ ವೈದ್ಯರು ಜೀನ್ ವರದಿಗೂ ಕಾಯದೆ ಆ ಬಗೆಯ ಔಷಧಿಯಾದ ಅಟ್ರಾ ಗುಳಿಗೆ ಶುರುಮಾಡುತ್ತಾರೆ. ಅಲ್ಲಿಯವರೆಗೆ ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ. ಜ್ವರಕ್ಕೆಂದು ಸೊಂಟಕ್ಕೆ ಇಂಜೆಕ್ಷನ್ನೂ ಹಾಕಿಸಬೇಡಿ.