ಮಗುವಿಗೆ ಇನ್ನೂ ಮಾತ್ರೆ ಕೊಡುತ್ತಿದ್ದೇನೆ ಅಂದರೆ ನನಗೆ ನಂಬಿಕೆ ಸಾಲದು ಅಂತಲೇ?

ತಂಗಿ, ಶಹಾಪುರದಿಂದ ಬರೆದಿದ್ದೀರಿ. ಐದು ವರ್ಷದ ಮಗಳು, ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿಗಾದ ಪೆಟ್ಟಿನಿಂದ ಕೈಕಾಲು ಹಿಡಿತಕ್ಕೆ ಸಿಗದ ತೊಂದರೆ, ಜೊತೆಗೆ ಫಿಟ್ಸ್. ನಂಬಿಕೆ ಗಟ್ಟಿ ಇದ್ದವರಿಗೆ ಮಾತ್ರೆ ಯಾಕೆ ಅಂತ ಚರ್ಚಿನ ಸಭೆಯವರು ಕೇಳುತ್ತಾರೆ. ಮುಂದಿನ ತಿಂಗಳು ಸ್ವಸ್ಥತೆಯ ಕೂಟ, ಅಂದರೆ ರೋಗ ಗುಣವಾಗಲಿ ಅಂತ ಪ್ರಾರ್ಥನೆ ಮಾಡುವ ಕೂಟ ಇದೆ, ಅಷ್ಟರೊಳಗೆ ನಂಬಿಕೆ, ಧೈರ್ಯ ಬಲಪಡಿಸಿಕೊಳ್ಳುವುದು ಹೇಗೆ ಅಂತ ನಿಮ್ಮ ಪ್ರಶ್ನೆ. ಒಂಬತ್ತು ವರ್ಷದ ಹಿಂದೆ ಇದೇ ಪ್ರಶ್ನೆ ನನಗೂ ಇತ್ತು. ಉತ್ತರ ಗೊತ್ತಾಯಿತು ಅಂದುಕೊಂಡು ಸಿರಪ್ಪಿನ ಬಾಟಲಿಯನ್ನು ಬಚ್ಚಲಿಗೆ ಸುರಿದವನು ನಾನು.

ಭಾಲ್ಕಿ ಕಡೆಯವನು, ಬಡಿಗ. ಮಗನಿಗೂ ಇದೇ ತೊಂದರೆ, ಆಗ ಐದು ವರ್ಷ. ಫಿಟ್ಸ್ ತಡೆಯಲು ಬೆಳಿಗ್ಗೆ ಸಂಜೆ ಸೋಡಿಯಂ ವ್ಯಾಲ್‌ಪ್ರೊಯೇಟ್ ಸಿರಪ್, ರಾತ್ರಿ ಒಂದು ಕ್ಲೋಬಾಜಾಮ್ ಮಾತ್ರೆ. ಹದಿನಾಲ್ಕು ತಿಂಗಳಿಂದ ಒಂದೂ ಫಿಟ್ಸ್ ಇರಲಿಲ್ಲ. ಒಂದು ಭಾನುವಾರ ಕೂಟದಲ್ಲಿ ಅವನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಪ್ರಾರ್ಥನೆ ಮಾಡಿದವರು ಔಷಧ ಬಿಡು ಅನ್ನಲಿಲ್ಲ, ಅವರ ಮೇಲೆ ಹಾಕಿದರೆ ಸುಳ್ಳಾಗುತ್ತದೆ. ಬಿಟ್ಟವನು ನಾನು. "ಡಾಕ್ಟರಿಗೆ ಒಂದ್ ಮಾತ್ ಕೇಳ್ರಿ" ಅಂದಳು ಹೆಂಡತಿ. "ಕೇಳಿದ್ ಮ್ಯಾಗ ನಂಬಿಕಿ ಎಲ್ಲುಳೀತು?" ಅಂದೆ.

ಮುಂದಿನ ನಾಲ್ಕು ದಿನವನ್ನು ಬಿಡಿಸಿ ಹೇಳುತ್ತೇನೆ. ಮೋಸ ಹೋಗುವುದು ಆ ನಾಲ್ಕು ದಿನದಲ್ಲೇ. ಸೋಮವಾರ ಮಗ ಎಂದಿಗಿಂತ ಚುರುಕಾಗಿದ್ದ. ಮಂಗಳವಾರ ಜೊಲ್ಲು ಕಡಿಮೆಯಾಯಿತು, ಕೊರಳಿಗೆ ಕಟ್ಟಿದ ಬಟ್ಟೆ ಸಂಜೆವರೆಗೂ ಒಣಗಿಯೇ ಇತ್ತು. ಕಣ್ಣು ಅರಳಿಸಿ ಮುಖ ನೋಡಿದ, "ನೀರ" ಅಂತ ಎರಡು ಸಲ ಅಂದ. ಬುಧವಾರ ಸಂಜೆ ಪ್ರಾರ್ಥನೆಯಲ್ಲಿ ಎದ್ದು ನಿಂತು ಮಗ ಗುಣವಾದ ಅಂತ ಸಾಕ್ಷಿ ಹೇಳಿಬಿಟ್ಟೆ. ಆ ರಾತ್ರಿ ಅವನು ಕಣ್ಣು ಮುಚ್ಚಲಿಲ್ಲ. ಗುರುವಾರ ಕೈ ಮೇಲಿಂದ ಮೇಲೆ ಗಕ್ಕನೆ ಎಗರುತ್ತಿತ್ತು. "ನರಕ್ಕ ಜೀವ ಬರ್ಲಾಕತ್ತದ" ಅಂತ ಅದನ್ನೂ ಒಳ್ಳೆಯದಕ್ಕೇ ಎಣಿಸಿದೆ. ಶುಕ್ರವಾರ ನಸುಕಿನ ನಾಲ್ಕಕ್ಕೆ ಫಿಟ್ಸ್ ಶುರುವಾಯಿತು. ನಿಲ್ಲಲಿಲ್ಲ.

ಆದದ್ದೇನು ಅಂತ ಆಮೇಲೆ ಡಾಕ್ಟರು ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದರು. ಕ್ಲೋಬಾಜಾಮ್ ಫಿಟ್ಸ್ ತಡೆಯುತ್ತದೆ, ಅದರ ಜೊತೆಗೆ ಮಂಪರು ತರುತ್ತದೆ, ಜೊಲ್ಲು ಹೆಚ್ಚಿಸುತ್ತದೆ. ಬಿಟ್ಟಾಗ ಮೊದಲು ಇಳಿಯುವುದು ಈ ಮಂಪರು, ಈ ಜೊಲ್ಲು. ನಾನು ಪವಾಡ ಅಂತ ಸಾಕ್ಷಿ ಹೇಳಿದ್ದು ಅದಕ್ಕೇ. ವ್ಯಾಲ್‌ಪ್ರೊಯೇಟ್ ಎರಡು ಮೂರು ದಿನದಲ್ಲಿ ರಕ್ತದಿಂದ ಬಹುಪಾಲು ಖಾಲಿಯಾಗುತ್ತದೆ. ಮಾತ್ರೆಯ ಹಿಡಿತಕ್ಕೆ ಒಗ್ಗಿದ ಮೆದುಳಿಗೆ ಆ ಹಿಡಿತ ಒಮ್ಮೆಲೇ ತಪ್ಪಿದರೆ ಫಿಟ್ಸ್ ಮೊದಲಿಗಿಂತ ಜೋರಾಗಿ ಬರಬಹುದು. ಹಲಗೆ ಬಗ್ಗಿಸಿ ಕ್ಲಾಂಪ್ ಹಾಕಿ, ಆ ಕ್ಲಾಂಪನ್ನು ತಟ್ಟನೆ ಬಿಚ್ಚಿದರೆ ಹಲಗೆ ಮುಖಕ್ಕೇ ಸಿಡಿಯುತ್ತದೆ. ಅದು ಗೊತ್ತಿದ್ದ ನಾನು ಮಗನ ತಲೆಯ ವಿಷಯದಲ್ಲಿ ಯೋಚನೆ ಮಾಡಲಿಲ್ಲ.

ಆ ನಸುಕಿನಲ್ಲಿ ನಾವು ಗಡಿಯಾರ ನೋಡಲಿಲ್ಲ. ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದೆವು, ಕೈಯಲ್ಲಿ ಕೀಲಿ ಇಟ್ಟೆವು, ಹಲ್ಲಿನ ನಡುವೆ ಚಮಚ ತುರುಕಿದೆವು. ಗಾಡಿ ಸಿಕ್ಕು ದವಾಖಾನೆ ಮುಟ್ಟುವಷ್ಟರಲ್ಲಿ ಮುಕ್ಕಾಲು ಗಂಟೆ. ಅರ್ಧ ಗಂಟೆ ಮೀರಿದ ಫಿಟ್ಸ್ ಮೆದುಳಿಗೇ ಪೆಟ್ಟು ಕೊಡಬಹುದು. ಆರು ದಿನ ಐಸಿಯು. ಮಗನಿಗೆ ಮೂರು ಮಾತಿದ್ದವು: ಅವ್ವ, ನೀರ, ಬಾ. ಮನೆಗೆ ಬಂದಾಗ ಒಂದೂ ಇರಲಿಲ್ಲ. ಎರಡು ವರ್ಷಕ್ಕೆ "ಅವ್ವ" ತಿರುಗಿ ಬಂತು. ಉಳಿದೆರಡು ಬರಲಿಲ್ಲ.

ಆದ್ದರಿಂದ ನಂಬಿಕೆ ಬಲಪಡಿಸಿಕೊಳ್ಳುವುದು ಹೇಗೆ ಅನ್ನುವ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಆ ಪ್ರಶ್ನೆಯೇ ತಪ್ಪು. ಸತ್ಯವೇದದ ಮಾರ್ಕ 9ರಲ್ಲಿ ನಮ್ಮಂಥದೇ ಮಗನನ್ನು ಕರೆತಂದ ತಂದೆ ಇದ್ದಾನಲ್ಲ, ನೆಲಕ್ಕೆ ಬಿದ್ದು ನೊರೆ ಕಾರುವ ಹುಡುಗನ ಅಪ್ಪ. ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯಮಾಡು ಅಂತ ಕೂಗಿದ. ಮನೆಗೆ ಹೋಗಿ ನಂಬಿಕೆ ಪೂರ್ತಿ ಮಾಡಿಕೊಂಡು ಬಾ ಅಂತ ಯೇಸುಸ್ವಾಮಿ ಅವನನ್ನು ಕಳಿಸಲಿಲ್ಲ. ಅರ್ಧ ನಂಬಿಕೆಗೇ ಕೆಲಸ ನಡೆಯಿತು. ಇನ್ನು ಔಷಧದ ಮಾತು. ಹಿಜ್ಕೀಯ ರಾಜನ ಪ್ರಾರ್ಥನೆ ಕೇಳಿ ದೇವರು ಹದಿನೈದು ವರ್ಷ ಆಯುಸ್ಸು ಕೊಟ್ಟಮೇಲೂ ಪ್ರವಾದಿ ಯೆಶಾಯನು ಹುಣ್ಣಿಗೆ ಅಂಜೂರದ ಉಂಡೆ ಕಟ್ಟಿಸಿದ, ಯೆಶಾಯ 38 ತೆಗೆದು ನೋಡಿ. ಮಾತ್ರೆ ಕೊಟ್ಟರೆ ನಂಬಿಕೆ ಇಲ್ಲ ಅನ್ನುವವರು ಈ ಅಧ್ಯಾಯವನ್ನು ಓದಿದ್ದಾರೋ ಇಲ್ಲವೋ.

"ನಿಜವಾಗಿ ಗುಣವಾಗಿದ್ದರೆ?" ಅಂತ ಕೇಳುತ್ತೀರಿ. ಅದಕ್ಕೂ ಸತ್ಯವೇದದಲ್ಲಿ ಪದ್ಧತಿ ಇದೆ. ಲೂಕ 17ರಲ್ಲಿ ಹತ್ತು ಮಂದಿ ಕುಷ್ಠರೋಗಿಗಳಿಗೆ ಸ್ವಾಮಿ ಹೇಳಿದ್ದು ಯಾಜಕರಿಗೆ ಮೈ ತೋರಿಸಿಕೊಳ್ಳಿರಿ ಅಂತ. ಯಾಜಕಕಾಂಡ 14ರ ಪ್ರಕಾರ ಯಾಜಕ ಪರೀಕ್ಷೆ ಮಾಡಿ ಶುದ್ಧ ಅಂದಮೇಲೂ ಗುಣವಾದವನು ಏಳು ದಿನ ತನ್ನ ಡೇರೆಯ ಹೊರಗೇ ಇರಬೇಕು. ಗುಣವಾದದ್ದಕ್ಕೆ ಪರೀಕ್ಷೆಯ ಭಯ ಇರಬಾರದು. ಈಗಿನ ಪರೀಕ್ಷೆ ಅಂದರೆ ನರರೋಗ ತಜ್ಞರ ಮುಂದೆ ಕೂಡುವುದು. ಸಾಮಾನ್ಯವಾಗಿ ಎರಡು ವರ್ಷ ಒಂದೂ ಫಿಟ್ಸ್ ಇಲ್ಲದಿದ್ದರೆ ಇಇಜಿ (ಮೆದುಳಿನ ವಿದ್ಯುತ್ ಅಲೆಯ ಪರೀಕ್ಷೆ) ನೋಡಿ, ಒಂದು ಸಲಕ್ಕೆ ಒಂದೇ ಔಷಧವನ್ನು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪ ಇಳಿಸುತ್ತಾರೆ. ಸೆರೆಬ್ರಲ್ ಪಾಲ್ಸಿ ಮಕ್ಕಳಲ್ಲಿ ಇನ್ನೂ ನಿಧಾನ, ಕೆಲವರಿಗೆ ಇಳಿಸುವುದೇ ಇಲ್ಲ. ಸಾಕ್ಷಿಯನ್ನು ಅಲ್ಲಿವರೆಗೆ ತಡೆದಿಟ್ಟುಕೊಂಡರೆ ಯಾರಿಗೂ ನಷ್ಟವಿಲ್ಲ.

ಧೈರ್ಯದ ಮಾತಿಗೆ ಬಂದರೆ, ನನಗೆ ಅದು ಬಂದದ್ದು ಫಿಟ್ಸ್ ಬಂದಾಗ ಕೈ ಏನು ಮಾಡಬೇಕು ಅನ್ನುವುದು ಗೊತ್ತಾದ ಮೇಲೆ. ಮೊದಲು ಗಡಿಯಾರ ನೋಡಿ, ಹೊತ್ತು ಬಾಯಿಬಿಟ್ಟು ಹೇಳಿ, ಇನ್ನೊಬ್ಬರಿಗೂ ಕೇಳಲಿ. ಮಗುವನ್ನು ನೆಲದ ಮೇಲೆ ಪಕ್ಕಕ್ಕೆ ಮಲಗಿಸಿ, ಜೊಲ್ಲು ಹೊರಗೆ ಹರಿಯುವಂತೆ ಮುಖ ತುಸು ಕೆಳಗೆ ತಿರುಗಿಸಿ, ತಲೆಯ ಕೆಳಗೆ ಮಡಚಿದ ಬಟ್ಟೆ ಇಡಿ. ಕೊರಳ ಗುಂಡಿ ಬಿಚ್ಚಿ. ಬಾಯಿಗೆ ಏನೂ ಹಾಕಬಾರದು, ನೀರು ಕೂಡ. ಕೈಕಾಲು ಒತ್ತಿ ಹಿಡಿಯಬಾರದು. ಐದು ನಿಮಿಷ ಆದರೂ ನಿಲ್ಲದಿದ್ದರೆ ಮೂಗಿಗೆ ಫಿಟ್ಸ್ ನಿಲ್ಲಿಸುವ ಮಿಡಜೋಲಾಮ್ ಸ್ಪ್ರೇ, ಕೂಡಲೇ 108. ಸ್ಪ್ರೇ ಎಷ್ಟು ಸಲ ಒತ್ತಬೇಕು ಅನ್ನುವುದು ಮಗುವಿನ ತೂಕದ ಮೇಲೆ ಇರುತ್ತದೆ. ಡಾಕ್ಟರ ಕೈಯಿಂದಲೇ ಬರೆಸಿ ಬಾಟಲಿಗೆ ಅಂಟಿಸಿ, ಆರು ತಿಂಗಳಿಗೊಮ್ಮೆ ತೂಕ ನೋಡಿ ಹೊಸದಾಗಿ ಬರೆಸಿ. ಹೊಸ ಬಾಟಲಿಯನ್ನು ಮೊದಲು ಗಾಳಿಯಲ್ಲಿ ಕೆಲವು ಸಲ ಒತ್ತಿ ಹನಿ ಬರುವುದನ್ನು ಖಾತ್ರಿ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಬೇಕಾದ ಹೊತ್ತಿಗೆ ಬರೀ ಗಾಳಿ ಹೊಡೆಯುತ್ತದೆ. ಸಿರಪ್ ಅಳೆಯಲು ಅಡುಗೆಮನೆಯ ಚಮಚ ಬೇಡ, ಸೂಜಿ ಇಲ್ಲದ ಸಿರಿಂಜು ಇರಲಿ.

ಸಭೆಯ ಹೊಸ್ತಿಲಲ್ಲಿ ಯಾರೂ ಹೇಳದ ಇನ್ನೊಂದು ಸಂಗತಿ: ನಿದ್ದೆಗೆಟ್ಟರೆ ಫಿಟ್ಸ್ ಬರುತ್ತದೆ. ರಾತ್ರಿಪೂರ್ತಿ ಪ್ರಾರ್ಥನೆಗೆ ಮಗುವನ್ನು ಕರೆದೊಯ್ಯಬೇಡಿ. ಡಿಸೆಂಬರ್ 31ರ ರಾತ್ರಿ ಆರಾಧನೆ ಬಿಡಲಾಗದಿದ್ದರೆ ಮಧ್ಯಾಹ್ನ ಎರಡು ತಾಸು ಮಲಗಿಸಿ, ರಾತ್ರಿಯ ಔಷಧ ಹೊತ್ತಿಗೆ ಸರಿಯಾಗಿ ಕೊಟ್ಟು ಹೋಗಿ. ಉಪವಾಸ ಪ್ರಾರ್ಥನೆ ಇದ್ದರೆ ಉಪವಾಸ ನಿಮಗೆ, ಮಗುವಿಗೆ ಮೂರು ಹೊತ್ತೂ ಊಟ.

ಈಗ ಕುರ್ಚಿ. ಇದು ನನ್ನ ಕಸುಬು, ನಮ್ಮ ಸ್ವಾಮಿಯದೂ ಹೌದು, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ. ಮಗುವನ್ನು ದಿನವಿಡೀ ತೊಡೆಯ ಮೇಲೆ ಅಥವಾ ನೆಲದ ಮೇಲೆ ಇಟ್ಟುಕೊಂಡರೆ ಬೆನ್ನು ಬಾಗುತ್ತದೆ, ನಿಮ್ಮ ಸೊಂಟವೂ ಹೋಗುತ್ತದೆ. 12 ಎಂಎಂ ಪ್ಲೈವುಡ್‌ನಲ್ಲಿ ಊರಿನ ಬಡಿಗನೇ ಮಾಡಿಕೊಡಬಲ್ಲ. ಫಿಸಿಯೊಥೆರಪಿಯವರ ಎದುರಿಗೆ ಅಳತೆ ತಗೊಳ್ಳಿ. ಕೂಡುವ ಹಲಗೆಯ ಆಳ: ಕುಂಡಿಯ ಹಿಂಬದಿಯಿಂದ ಮೊಣಕಾಲಿನ ಹಿಂದಿನ ಸಂದಿವರೆಗೆ ಅಳೆದು ಎರಡು ಬೆರಳು ಕಡಿಮೆ. ಕಾಲುಹಲಗೆಯಿಂದ ಕೂಡುವ ಹಲಗೆಯ ಎತ್ತರ: ಆ ಸಂದಿಯಿಂದ ಹಿಮ್ಮಡಿವರೆಗೆ. ಅಗಲ: ಸೊಂಟದ ಎರಡೂ ಕಡೆ ಒಂದೊಂದು ಬೆರಳು ಜಾಸ್ತಿ. ಮುಂದಿನ ತಟ್ಟೆಹಲಗೆ ಮೊಣಕೈ ಮಟ್ಟಕ್ಕೆ. ಕತ್ತರಿಯಂತೆ ಹೆಣೆದುಕೊಳ್ಳುವ ಕಾಲಿಗೆ ಮೊಣಕಾಲುಗಳ ನಡುವೆ ಒಂದು ಗುಬಟು, ಅದು ಹಲಗೆಯ ಮುಂಚೂಣಿಯಲ್ಲಿರಬೇಕು, ತೊಡೆಸಂದಿಗೆ ತಾಗಬಾರದು. ಬೆಲ್ಟನ್ನು ಹೊಟ್ಟೆಯ ಮೇಲೆ ಕಟ್ಟಿದರೆ ಮಗು ಕೆಳಗೆ ಜಾರಿ ಬೆಲ್ಟ್ ಎದೆಗೆ ಏರುತ್ತದೆ. ಹಲಗೆಯೂ ಬೆನ್ನೊರಗೂ ಸೇರುವ ಮೂಲೆಯಲ್ಲಿ ಬೆಲ್ಟಿಗೆ ಸ್ಕ್ರೂ ಹೊಡೆದು, ತೊಡೆ ಮಡಚುವ ಗೆರೆಯ ಮೇಲೆ ಓರೆಯಾಗಿ 45 ಡಿಗ್ರಿಯಲ್ಲಿ ತನ್ನಿ. "ಬೆಳೀತಾಳ, ದೊಡ್ಡದೇ ಮಾಡು" ಅಂತ ಅಜ್ಜಿ ಹೇಳುತ್ತಾರೆ, ಕೇಳಬೇಡಿ. ಕಾಲುಹಲಗೆಗೆ ಮಾತ್ರ ಇಂಚಿಗೊಂದು ತೂತು ಕೊರೆಸಿ ಬೋಲ್ಟ್ ಹಾಕಿಸಿದರೆ ಮಗು ಬೆಳೆದ ಹಾಗೆ ಇಳಿಸಬಹುದು.

ಊಟವೂ ಅದೇ ಕುರ್ಚಿಯಲ್ಲಿ. ಮಲಗಿಸಿ ತಲೆ ಹಿಂದಕ್ಕೆ ಬಾಗಿಸಿ ಸುರಿದರೆ ಗಂಜಿ ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ಗದ್ದ ತುಸು ಎದೆಯ ಕಡೆ ಇರಲಿ, ಚಮಚ ಎದುರಿನಿಂದ, ಬಾಯಿಗಿಂತ ಸ್ವಲ್ಪ ಕೆಳಗಿನಿಂದ ಬರಲಿ. ಜೋಳದ ಗಂಜಿ ಚಮಚದಿಂದ ಉದುರದಷ್ಟು ದಪ್ಪ ಇರಲಿ. ತೆಳು ಸಾರಿನಲ್ಲಿ ಅನ್ನದ ಅಗುಳು ತೇಲುವಂಥದ್ದು ಎಲ್ಲಕ್ಕಿಂತ ಅಪಾಯ, ನೀರು ಮೊದಲು ಜಾರಿ ಅಗುಳು ಹಿಂದೆ ಉಳಿಯುತ್ತದೆ. ಉಂಡಮೇಲೆ ಅರ್ಧ ಗಂಟೆ ಮಲಗಿಸಬೇಡಿ.

ಆ ಕುರ್ಚಿಯನ್ನು ನಾವು ಭಾನುವಾರ ಸಭೆಗೂ ಒಯ್ಯುತ್ತೇವೆ. ಮೊದಮೊದಲು ಕೆಲವರಿಗೆ ಹಿಡಿಸಲಿಲ್ಲ, ಗುಣವಾಗುವುದಿಲ್ಲ ಅಂತ ನೀನೇ ಒಪ್ಪಿಕೊಂಡಂಗಾಯ್ತು ಅಂದರು. 2 ಸಮುವೇಲ 9 ತೆಗೆದು ಓದಿಸಿದೆ. ದಾವೀದ ರಾಜನು ಗೆಳೆಯನ ಮಗ ಮೆಫೀಬೋಶೆತನನ್ನು ದಿನಾಲೂ ತನ್ನ ಪಂಕ್ತಿಯಲ್ಲಿ ಕೂರಿಸಿಕೊಂಡ. ಆ ಅಧ್ಯಾಯ ಮುಗಿಯುವುದೇ ಅವನ ಎರಡು ಕಾಲೂ ಕುಂಟಾಗಿದ್ದವು ಅನ್ನುವ ಮಾತಿನಲ್ಲಿ.

ಕಾಗದಪತ್ರದ ಬಗ್ಗೆ ಚಿಕ್ಕದಾಗಿ. ನಾನು ಅಂಗವೈಕಲ್ಯದ ಸರ್ಟಿಫಿಕೇಟ್ ಮಾಡಿಸಿದರೆ ಶಾಪ ಒಪ್ಪಿಕೊಂಡಂತೆ ಅಂತ ಮೂರು ವರ್ಷ ಕಳೆದೆ, ನೀವು ಕಳೆಯಬೇಡಿ. ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡಿಗೆ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ, ಅಂಗವೈಕಲ್ಯ 40 ಪ್ರತಿಶತ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚಿನ ಸೌಲಭ್ಯ. ಅರ್ಜಿ ಹಾಕಲು ಗ್ರಾಮ ಪಂಚಾಯಿತಿಯಲ್ಲಿ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ವಿಆರ್‌ಡಬ್ಲ್ಯೂ ಅಂತ ಕೇಳಿ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ ಇದೆ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಶಾಲೆಗೆ ಕಳಿಸಲಾಗದಿದ್ದರೆ ಬಿಆರ್‌ಸಿಗೆ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ಹೋಗಿ, ಇಂಥ ಮಕ್ಕಳಿಗೆಂದೇ ಇರುವ ಬಿಐಇಆರ್‌ಟಿ ಶಿಕ್ಷಕರನ್ನು ಕೇಳಿ, ಮನೆಯಲ್ಲೇ ಕಲಿಸುವ ವ್ಯವಸ್ಥೆ ಇದೆ.

ಮುಂದಿನ ತಿಂಗಳ ಕೂಟಕ್ಕೆ ಹೋಗಬೇಡಿ ಅನ್ನುವುದಿಲ್ಲ. ನಾವೂ ಹೋಗುತ್ತೇವೆ. ಔಷಧ ಕೊಟ್ಟು, ಸ್ಪ್ರೇ ಕೈಚೀಲದಲ್ಲಿ ಇಟ್ಟುಕೊಂಡು ಹೋಗಿ. ಸ್ಪೀಕರ್ ಡಬ್ಬಿಯಿಂದ ದೂರ, ಬಾಗಿಲ ಹತ್ತಿರ ಕೂಡಿ, ತಟ್ಟನೆ ಬರುವ ಢೋಲಕಿನ ಸದ್ದಿಗೆ ಈ ಮಕ್ಕಳ ಮೈ ಬೆಚ್ಚಿ ಸೆಟೆಯುತ್ತದೆ. ಒಂದಕ್ಕೆ ಮಾತ್ರ ಗಟ್ಟಿ ನಿಲ್ಲಿ: ಯೇಸುವಿನ ಹೆಸರಿನಲ್ಲಿ ಏಳು ಅಂತ ಮಗುವಿನ ಕೈ ಹಿಡಿದು ಮೇಲೆ ಜಗ್ಗುವವರು ಇರುತ್ತಾರೆ. ಸೆರೆಬ್ರಲ್ ಪಾಲ್ಸಿ ಇರುವ ಸುಮಾರು ಮೂರು ಮಕ್ಕಳಲ್ಲಿ ಒಬ್ಬರಿಗೆ ಸೊಂಟದ ಕೀಲು ಜಾರುತ್ತಾ ಹೋಗುತ್ತದೆ, ನೋವಾದರೂ ಹೇಳಲು ಬಾಯಿ ಇರುವುದಿಲ್ಲ. ಕೂಟಕ್ಕೆ ಮೊದಲೇ ಸೊಂಟದ ಎಕ್ಸ್‌ರೇ ತೆಗೆಸಿ. ಯಾರಾದರೂ ಜಗ್ಗಲು ಬಂದರೆ ಮಗಳ ಮೇಲೆ ಕೈಯಿಟ್ಟು ಹೇಳಿ: "ಕೂತಲ್ಲೇ ಪ್ರಾರ್ಥನಿ ಮಾಡ್ರಿ ಅಣ್ಣಾರೆ, ಎಬ್ಬಿಸಬ್ಯಾಡ್ರಿ."