ಮಂಚದ ಮೇಲೆ ಮಲಗುವ ನಾಯಿಗೆ ಬೇರೆ ಮಲಗುವುದನ್ನು ಕಲಿಸುವುದು ಹೇಗೆ?

ನೀವು ಕೇಳಿರುವುದು ಇಷ್ಟು: ಎರಡು ವರ್ಷದ ಲ್ಯಾಬ್ರಡಾರ್, ಮರಿಯಾಗಿದ್ದಾಗಿನಿಂದ ನಿಮ್ಮಿಬ್ಬರ ನಡುವೆಯೇ ಮಲಗಿ ರೂಢಿ. ನಿಮ್ಮ ಹೆಂಡತಿಗೆ ಈಗ ಐದನೇ ತಿಂಗಳು. ಮಗು ಬರುವಷ್ಟರಲ್ಲಿ ಇದನ್ನು ಬಿಡಿಸಬೇಕು. ಒಂದು ರಾತ್ರಿ ಹೊರಗೆ ಹಾಕಿ ಬಾಗಿಲು ಮುಚ್ಚಿ ನೋಡಿದಿರಿ. ಅದು ಬಾಗಿಲು ಕೆರೆದು ಊಳಿಟ್ಟಿತು, ಪಕ್ಕದ ಫ್ಲಾಟಿನವರು ಬಂದು ಬೆಲ್ ಒತ್ತಿದರು, ನೀವು ಮತ್ತೆ ಒಳಗೆ ಬಿಟ್ಟುಕೊಂಡಿರಿ.

ಖಂಡಿತ ಬಿಡಿಸಬಹುದು. ಸಮಯವೂ ಬೇಕಾದಷ್ಟಿದೆ. ಆದರೆ ಬಾಗಿಲಿನಿಂದ ಶುರು ಮಾಡಬೇಡಿ, ಅದು ಕೊನೆಯ ಹಂತ. ಮೊದಲು ಅದಕ್ಕೆ ತನ್ನದು ಅನ್ನಿಸುವ ಒಂದು ಜಾಗ ಬೇಕು. ಮಂಚದಿಂದ ಇಳಿ ಅಂದರೆ ಈಗ ಅದು ಎಲ್ಲಿಗೆ ಹೋಗಬೇಕು ಹೇಳಿ?

ನಮ್ಮದು ಧಾರವಾಡ. ನಮ್ಮ ನಾಯಿ ಮುಧೋಳ ತಳಿ, ಹೆಸರು ಮಿಂಚು. 2005ರಲ್ಲಿ ಅಂಚೆಚೀಟಿಯ ಮೇಲೆ ಮೆರೆದ ತಳಿ ಇದು. ಓಡೋಕೆ ಬಿಟ್ಟರೆ ಕಣ್ಣಿಗೆ ಕಾಣಲ್ಲ. ಆದರೆ ಡಿಸೆಂಬರ್ ಬಂತು ಅಂದರೆ ಗಡಗಡ ನಡುಗುತ್ತಾ ಹೊದಿಕೆಯೊಳಗೆ ತಲೆ ತೂರಿಸುತ್ತದೆ. ಮೈಮೇಲೆ ಕೊಬ್ಬಿಲ್ಲ, ಕೂದಲು ಗಿಡ್ಡ, ಚರ್ಮ ತೆಳು, ಬರೀ ಎಲುಬು. ಗಟ್ಟಿ ನೆಲದ ಮೇಲೆ ಮಲಗಿ ಮಲಗಿ ಮೊಣಕೈ ಗಂಟು ಹತ್ತಿರ ಚರ್ಮ ಒರಟಾಗಿತ್ತು. ಅಂಥ ಪ್ರಾಣಿ ಹತ್ತಿ ಗಾದಿ ಹುಡುಕಿಕೊಂಡು ಬಂದರೆ ತಪ್ಪೇನು?

ನಿಮ್ಮ ಲ್ಯಾಬ್‌ದು ಬೇರೆ ಕಥೆ. ಅದಕ್ಕೆ ಎರಡು ಪದರದ ಕೂದಲಿದೆ, ಸೆಕೆಯೇ ಜಾಸ್ತಿ. ಒಂದು ಕೆಲಸ ಮಾಡಿ. ರಾತ್ರಿ ಎಚ್ಚರವಾದಾಗಲೆಲ್ಲ ಅದು ಎಲ್ಲಿದೆ ಅಂತ ನೋಡಿ. ಮಧ್ಯರಾತ್ರಿ ಅದಾಗಿಯೇ ಇಳಿದು ಟೈಲ್ಸ್ ಮೇಲೆ ಕಾಲು ಚಾಚಿ ಮಲಗಿ, ಬೆಳಗಿನ ಜಾವ ಮತ್ತೆ ಹತ್ತುತ್ತಿದ್ದರೆ, ಅದಕ್ಕೆ ಬೇಕಾಗಿರುವುದು ಮೆತ್ತಗಿನ ಹಾಸಿಗೆಯಲ್ಲ, ನೀವು. ನಿಮ್ಮ ವಾಸನೆ, ನಿಮ್ಮ ಉಸಿರಿನ ಸದ್ದು. ಹಾಗಿದ್ದರೆ ಆರು ಸಾವಿರದ ಡಾಗ್ ಬೆಡ್ ತಂದು ಹಾಲ್‌ನಲ್ಲಿ ಹಾಕಿದರೆ ಸೋಫಾ ಪಕ್ಕ ಸುಮ್ನೆ ಧೂಳು ತಿನ್ನುತ್ತಾ ಬಿದ್ದಿರುತ್ತದೆ. ತೆಳ್ಳಗಿನ ಹಾಸು ಸಾಕು, ಆದರೆ ಮೊದಲು ಅದು ನಿಮ್ಮ ಮಂಚದ ಪಕ್ಕದಲ್ಲೇ ಇರಬೇಕು.

ವಾಕಿಂಗ್ ಹೋದಾಗ ಯಾರಾದರೂ ಹೇಳಿಯೇ ಹೇಳುತ್ತಾರೆ: ಮಂಚ ಹತ್ತಿದ ನಾಯಿ ತಾನೇ ಯಜಮಾನ ಅಂದುಕೊಳ್ಳುತ್ತೆ, ಸರಿಯಾಗಿ ಗದರಿಸಿ ಇಳಿಸಿ ಅಂತ. ಈ ಮಾತಿನ ಬೇರು ತೋಳಗಳಲ್ಲಿದೆ. ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳ ಜಗಳ ನೋಡಿ ರುಡಾಲ್ಫ್ ಶೆಂಕೆಲ್ ಎನ್ನುವವರು, ಗುಂಪಿನಲ್ಲಿ ಯಜಮಾನಿಕೆಗಾಗಿ ಹೊಡೆದಾಟ ನಡೆಯುತ್ತದೆ ಅಂತ 1947ರಲ್ಲಿ ಬರೆದಿದ್ದರು. 1970ರಲ್ಲಿ ತೋಳಗಳ ಸಂಶೋಧಕ ಡೇವಿಡ್ ಮೆಕ್ ತಮ್ಮ ಪುಸ್ತಕದಲ್ಲಿ ಅದೇ ಮಾತು ಹೇಳಿದರು. ಆಮೇಲೆ ಅದೇ ಮೆಕ್ ಕಾಡಿನ ತೋಳಗಳನ್ನು ವರ್ಷಗಟ್ಟಲೆ ಹತ್ತಿರದಿಂದ ನೋಡಿ, ಅಲ್ಲಿರುವುದು ಅಧಿಕಾರದ ಹೊಡೆದಾಟವಲ್ಲ, ಅಪ್ಪ ಅಮ್ಮ ಮಕ್ಕಳ ಸಂಸಾರ ಅಂತ 1999ರಲ್ಲಿ ತಿದ್ದಿ ಬರೆದರು. ತಿದ್ದಿದ್ದು ಮಾತ್ರ ನಮ್ಮ ಪಾರ್ಕುಗಳವರೆಗೆ ಇನ್ನೂ ಬಂದಿಲ್ಲ. ನಿಮ್ಮ ಲ್ಯಾಬ್‌ಗೆ ನಿಮ್ಮ ಮನೆಯ ಯಜಮಾನಿಕೆ ಬೇಡ. ದಿಂಬು ಬೇಕು. ಹಾಗಾಗಿ ಬೈಯಬೇಡಿ. ಕುತ್ತಿಗೆ ಪಟ್ಟಿ ಹಿಡಿದು ಎಳೆಯಲೇಬೇಡಿ. ಎಳೆದರೆ ಮಂಚದ ಮೇಲಿದ್ದಾಗ ನಿಮ್ಮ ಕೈ ಬಂತೆಂದರೆ ಹೆದರಬೇಕು ಅಂತ ಅದು ಕಲಿಯುತ್ತದೆ. ಹೆದರಿದ ನಾಯಿ ಗುರ್ರೆನ್ನುತ್ತದೆ. ಮಗು ಬರುವ ಮನೆಯಲ್ಲಿ ಆ ಪಾಠ ಯಾರಿಗೆ ಬೇಕು?

ಈಗ ಕೆಲಸದ ಮಾತು. ಶುರು ಮಾಡಬೇಕಾದ್ದು ಹಗಲಿನಲ್ಲಿ, ರಾತ್ರಿ ಅಲ್ಲ. ನಾವು ಮಾವನವರ ಹಳೇ ಕೌದಿಯೊಂದನ್ನು ನಾಲ್ಕು ಮಡಿಕೆ ಮಾಡಿ ಹಾಸಿದೆವು. ಅದರೊಳಗೆ ನಮ್ಮವರು ಹಾಕಿಬಿಟ್ಟ ಒಗೆಯದ ಬನಿಯನ್ ಸೇರಿಸಿದೆವು. ಒಗೆಯದ್ದೇ ಬೇಕು, ವಾಸನೆಗೆ. ಆಮೇಲೆ ಬೇಯಿಸಿದ ಕೋಳಿಯ ಚೂರುಗಳನ್ನು ಕಡಲೆಬೇಳೆಯಷ್ಟು ಸಣ್ಣಗೆ ಹರಿದು ಬಟ್ಟಲಲ್ಲಿ ಇಟ್ಟುಕೊಂಡು ಪಕ್ಕದಲ್ಲಿ ಕೂತೆ. ಉಪ್ಪು ಖಾರ ಇಲ್ಲದ್ದು. ಸಾರಿನಿಂದ ತೆಗೆದ ತುಂಡು ಬೇಡ, ಈರುಳ್ಳಿ ನಾಯಿಯ ರಕ್ತಕ್ಕೆ ಒಳ್ಳೆಯದಲ್ಲ.

ಮಿಂಚು ಕೌದಿಯ ಕಡೆ ನೋಡಿದರೂ ಒಂದು ಚೂರು. ಒಂದು ಕಾಲಿಟ್ಟರೆ ಇನ್ನೊಂದು. ನಾಲ್ಕೂ ಕಾಲು ಬಂದಾಗ ಎರಡು. ಕೈಯಿಂದ ತಿನ್ನಿಸಲಿಲ್ಲ, ಕೌದಿಯ ಮೇಲೇ ಹಾಕಿದೆ. ತಿಂಡಿ ಬರುವುದು ನನ್ನ ಕೈಯಿಂದಲ್ಲ, ಆ ಜಾಗದಿಂದ ಅಂತ ಅದಕ್ಕೆ ಅನ್ನಿಸಬೇಕು. ಸ್ವಲ್ಪ ಹೊತ್ತಿಗೆ ಅದು ಸುತ್ತು ಹೊಡೆದು, ಕೌದಿಯನ್ನು ಮುಂಗಾಲಿನಿಂದ ಕೆದರಿ, ಉಸ್ಸಂತ ಮಲಗಿತು. ಹಾಗೆ ಮಲಗಿದಾಗ ಮೂರ್ನಾಲ್ಕು ಚೂರು ಒಂದರ ಹಿಂದೆ ಒಂದು. ಮುಂದಿನ ದಿನಗಳಲ್ಲಿ ಚೂರುಗಳ ನಡುವಿನ ಅಂತರ ಹೆಚ್ಚಿಸುತ್ತಾ ಹೋದೆ. ಐದು ನಿಮಿಷಕ್ಕಿಂತ ಜಾಸ್ತಿ ಎಳೆಯಬೇಡಿ, ಊಟಕ್ಕೆ ಮುಂಚೆ ಮಾಡಿ. ಅದು ಹಾಸಿನ ಮೇಲೆ ಮಲಗುವ ಕ್ಷಣಕ್ಕೆ ಸರಿಯಾಗಿ ಮನೆಯವರೆಲ್ಲ ಒಂದೇ ಮಾತು ಹೇಳಿ, ನಾವು 'ಜಾಗ' ಅನ್ನುತ್ತೇವೆ. ಇನ್ನೊಂದು ನೆನಪಿಡಿ: ತಪ್ಪು ಮಾಡಿದಾಗ ಶಿಕ್ಷೆ ಅಂತ ಆ ಜಾಗಕ್ಕೆ ಯಾವತ್ತೂ ಕಳಿಸಬಾರದು.

ಇಳಿಯುವುದನ್ನೂ ಹಗಲಲ್ಲೇ ಕಲಿಸಿ. ಮಂಚದ ಮೇಲಿದ್ದಾಗ 'ಇಳಿ' ಅಂದು ಒಂದು ಚೂರು ನೆಲಕ್ಕೆ ಎಸೆಯಿರಿ. ಕಾಲು ನೆಲಕ್ಕೆ ತಾಗಿದ ಕೂಡಲೇ 'ಶಭಾಷ್'. ನೀವು ಈಗಾಗಲೇ 'ಡೌನ್' ಅಂದರೆ ಮಲಗು ಅಂತ ಕಲಿಸಿದ್ದರೆ, ಇಳಿಸೋಕೂ 'ಡೌನ್' ಅನ್ನಬೇಡಿ. ಪಾಪ, ಅದು ಮಂಚದ ಮೇಲೇ ಮಲಗಿ ನಿಮ್ಮ ಮುಖ ನೋಡುತ್ತದೆ. ಹೇಳಿದ್ದು ಮಾಡಿದ್ದೀನಲ್ಲ ಅಂತ.

ಹಗಲಲ್ಲಿ ಇದು ಸಲೀಸಾದ ಮೇಲೆ ರಾತ್ರಿಗೆ ಬನ್ನಿ. ಹಾಸನ್ನು ನಿಮ್ಮ ಮಂಚಕ್ಕೆ ಒತ್ತಿಯೇ ಹಾಕಿ, ಕೈ ಇಳಿಬಿಟ್ಟರೆ ತಲೆ ಸಿಗುವಷ್ಟು ಹತ್ತಿರ. ಹತ್ತಿದರೆ 'ಇಳಿ', ಇಳಿದರೆ 'ಜಾಗ', ಅಷ್ಟೇ. ಲೈಟ್ ಹಾಕಬೇಡಿ, ಭಾಷಣ ಬೇಡ, ಮುದ್ದೂ ಬೇಡ. ಹತ್ತಿದಾಗಲೆಲ್ಲ ಅದನ್ನೇ ಮಾಡಿ. ಮೊದಮೊದಲು ನಿಮ್ಮ ನಿದ್ದೆ ಕೆಡುತ್ತದೆ, ಅದಕ್ಕೇ ಶುಕ್ರವಾರ ರಾತ್ರಿ ಶುರು ಮಾಡುವುದು ವಾಸಿ. ಹಗ್ಗದಲ್ಲಿ ಕಟ್ಟಿ ಮಲಗಿಸಿ ಅಂತ ಕೆಲವರು ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಎಲ್ಲರೂ ನಿದ್ದೆಯಲ್ಲಿರುವಾಗ ಹಗ್ಗ ಕುತ್ತಿಗೆಗೋ ಕಾಲಿಗೋ ಸುತ್ತಿಕೊಂಡರೆ ನೋಡುವವರು ಯಾರು?

ಒಂದೆರಡು ರಾತ್ರಿ ಆದ ಮೇಲೆ ಅದು ಮೊದಲಿಗಿಂತ ಜಾಸ್ತಿ ಹಟ ಮಾಡಬಹುದು. ಕುಂಯ್ಗುಟ್ಟಬಹುದು, ನಿಮ್ಮ ಹೊದಿಕೆ ಎಳೆಯಬಹುದು. ಇಷ್ಟು ದಿನ ಕೆಲಸ ಮಾಡಿದ್ದು ಈಗ ಕೆಲಸ ಮಾಡುತ್ತಿಲ್ಲ ಅಂದಾಗ ಪ್ರಾಣಿಗಳು ಸಾಮಾನ್ಯವಾಗಿ ಮೊದಲು ಇನ್ನಷ್ಟು ಜೋರಾಗಿ ಅದನ್ನೇ ಮಾಡಿ ನೋಡುತ್ತವೆ. ಬಹಳ ಜನ ಕೈಚೆಲ್ಲುವುದು ಇಲ್ಲೇ. ಈ ಹೊತ್ತಿನಲ್ಲಿ ಸೋತು ಮೇಲೆ ಬಿಟ್ಟುಕೊಂಡರೆ, ಇನ್ನು ಮುಂದೆ ಇಷ್ಟು ಜೋರಾಗಿ ಅತ್ತರೆ ಸಾಕು ಅಂತ ನೀವೇ ಕಲಿಸಿದ ಹಾಗೆ.

ಆಗೊಮ್ಮೆ ಈಗೊಮ್ಮೆ ಬಿಟ್ಟುಕೊಳ್ಳುವುದು ಇದಕ್ಕಿಂತ ಕೆಟ್ಟದ್ದು. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳನ್ನು ಇಟ್ಟುಕೊಂಡು ಇದನ್ನೇ ತೋರಿಸಿದ್ದರು. ಕುಟುಕಿದಾಗಲೆಲ್ಲ ಕಾಳು ಸಿಗುತ್ತಿದ್ದ ಪಾರಿವಾಳ, ಕಾಳು ನಿಂತರೆ ಬೇಗ ಸುಮ್ಮನಾಗುತ್ತದೆ. ಯಾವಾಗಲೋ ಒಮ್ಮೆ ಸಿಗುತ್ತಿದ್ದದ್ದು ಬಹಳ ಹೊತ್ತು ಕುಟುಕುತ್ತಲೇ ಇರುತ್ತದೆ. ನಮ್ಮ ಮನೆಯಲ್ಲಿ ಆ 'ಯಾವಾಗಲೋ ಒಮ್ಮೆ' ನಮ್ಮ ಮಾವನವರು. ಮಧ್ಯಾಹ್ನ ಊಟ ಮಾಡಿ ಅಡ್ಡಾದಾಗ ಗಾದಿಯನ್ನು ಕೈಯಿಂದ ತಟ್ಟಿ ಕರೆಯುತ್ತಿದ್ದರು. ನಾನು ಹೋಗಿ ನಿಂತರೆ, "ಪಾಪ, ಅದಕ್ಕ ಥಂಡಿ ಆಗತೈತಿ, ಒಂದ್ ದಿನಾ ಮಲಗ್ಲಿ ಬಿಡವಾ" ಅನ್ನೋರು. ಆ ಒಂದು ದಿನ ವಾರಕ್ಕೆ ಎಷ್ಟು ಸಲ ಬರುತ್ತಿತ್ತು ಅಂತ ಕೇಳಬೇಡಿ.

ಹಿರಿಯರಿಗೆ ಪಾರಿವಾಳದ ಕಥೆ ಹೇಳಿ ಒಪ್ಪಿಸೋಕೆ ಆಗಲ್ಲ. ಹಾಗಾಗಿ ಕೆಲಸ ಅವರಿಗೇ ಒಪ್ಪಿಸಿದೆವು. ರಾತ್ರಿ ಮಿಂಚುವನ್ನು ಕೌದಿಗೆ ಕಳಿಸಿ, ಕೋಳಿ ಚೂರು ಹಾಕಿ, ಮೇಲೆ ಹಳೇ ಶಾಲು ಹೊದಿಸುವುದು ಅವರ ಕೆಲಸ. ಅಂದಿನಿಂದ ಅವರೇ ಎಲ್ಲರಿಗಿಂತ ಕಟ್ಟುನಿಟ್ಟು. ನನ್ನ ಗಂಡ ಒಮ್ಮೆ ಮಂಚದ ಮೇಲೆ ಕರೆದಿದ್ದಕ್ಕೆ ಬೈಸಿಕೊಂಡರು. ನಿಮ್ಮ ಮನೆಯಲ್ಲೂ ಅತ್ತೆ, ಅಮ್ಮ, ಯಾರಾದರೂ ಇಂಥವರು ಇದ್ದರೆ ಈ ಉಪಾಯ ಮಾಡಿ ನೋಡಿ.

ಅದು ಮಂಚದ ಪಕ್ಕ ರಾತ್ರಿಯಿಡೀ ಮಲಗಲು ಶುರು ಮಾಡಿದ ಮೇಲೆ ಹಾಸನ್ನು ಎರಡು ಮೂರು ದಿನಕ್ಕೊಮ್ಮೆ ಒಂದೊಂದು ಅಡಿ ಬಾಗಿಲ ಕಡೆ ಸರಿಸಿ. ಕೋಣೆಯ ಹೊರಗೇ ಮಲಗಬೇಕು ಅಂತಿದ್ದರೆ ಹೊಸ್ತಿಲು ದಾಟಿಸಿ, ಬಾಗಿಲು ಮುಚ್ಚುವ ಬದಲು ಮಕ್ಕಳಿಗೆ ಹಾಕುವ ಸಣ್ಣ ಜಾಲರಿ ಗೇಟ್ ಹಾಕಿ. ಅದಕ್ಕೆ ನೀವು ಕಾಣುತ್ತಿರಬೇಕು. ಹೇಗೂ ಮುಂದೆ ಮಗುವಿಗೂ ಆ ಗೇಟ್ ಬೇಕಾಗುತ್ತದೆ. ಒಂದು ಕಡೆ ತಡವರಿಸಿದರೆ ಅಲ್ಲೇ ನಾಲ್ಕು ದಿನ ನಿಲ್ಲಿ.

ಅಳುವುದರಲ್ಲಿ ಎರಡು ಥರ ಇದೆ. ಸ್ವಲ್ಪ ಬೊಗಳಿ, ನಿಲ್ಲಿಸಿ, ಕಿವಿ ನಿಮಿರಿಸಿ, ಯಾರಾದರೂ ಬರುತ್ತಾರಾ ಅಂತ ಕೇಳಿಸಿಕೊಂಡು ಮತ್ತೆ ಬೊಗಳಿದರೆ ಅದು ತಕರಾರು. ಸುಮ್ಮನಿದ್ದರೆ ತಣ್ಣಗಾಗುತ್ತದೆ. ಜೊಲ್ಲು ಸುರಿಸುವುದು, ಏದುಸಿರು, ಉಗುರು ಕಿತ್ತು ರಕ್ತ ಬರುವವರೆಗೆ ಬಾಗಿಲು ಕೆರೆಯುವುದು, ಅಲ್ಲೇ ಉಚ್ಚೆ ಮಾಡಿಕೊಳ್ಳುವುದು, ಇದು ಒಂಟಿಯಾಗುವ ಭಯ. ಅಂಥದ್ದನ್ನು ಅತ್ತು ಸುಸ್ತಾಗಲಿ ಅಂತ ಬಿಡಬಾರದು. ಹಿಂದಿನ ಹಂತಕ್ಕೆ ಹೋಗಿ, ಪಶುವೈದ್ಯರ ಹತ್ತಿರ ಮಾತಾಡಿ. ಇನ್ನು ಪಕ್ಕದ ಫ್ಲಾಟಿನವರಿಗೆ ಮೊದಲೇ ಹೇಳಿಬಿಡಿ, ಜೊತೆಗೆ ಒಂದು ಡಬ್ಬಿ ಪೇಡಾ ಕೊಡಿ. ನಿದ್ದೆಗೆಟ್ಟವರ ಸಿಟ್ಟೂ ನ್ಯಾಯವೇ ಅಲ್ವಾ.

ಸಂಜೆ ಚೆನ್ನಾಗಿ ನಡೆಸಿ, ಮೂಸುತ್ತಾ ಹೋಗಲು ಬಿಡಿ. ಮಲಗುವ ಮುಂಚೆ ಒಮ್ಮೆ ಉಚ್ಚೆಗೆ ಕರೆದುಕೊಂಡು ಹೋಗಿ. ಬೆಳೆದ ನಾಯಿಗಳು ದಿನಕ್ಕೆ ಸುಮಾರು 12-14 ಗಂಟೆ ನಿದ್ದೆ ಮಾಡುತ್ತವೆ. ನೀವಿಬ್ಬರೂ ಆಫೀಸಿಗೆ ಹೋದಾಗ ಅದರಲ್ಲಿ ಬಹುಪಾಲು ಮುಗಿಸಿಕೊಂಡಿದ್ದರೆ ರಾತ್ರಿ ಕಣ್ಣು ಬಿಟ್ಟುಕೊಂಡೇ ಇರುತ್ತದೆ.

ಅಂದಹಾಗೆ, ಕೋಣೆಯಿಂದಲೇ ಹೊರಹಾಕಬೇಕು ಅಂತೇನಿಲ್ಲ. 2017ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನವರು 40 ಜನರ ನಿದ್ದೆ ಅಳೆದು ನೋಡಿದ್ದರು. ನಾಯಿ ಕೋಣೆಯಲ್ಲಿದ್ದರೆ ಹೇಳಿಕೊಳ್ಳುವಂಥ ತೊಂದರೆ ಕಾಣಲಿಲ್ಲ, ಮಂಚದ ಮೇಲಿದ್ದವರ ನಿದ್ದೆ ಸ್ವಲ್ಪ ಕಡಿಮೆ. ಆದರೆ ಮಗು ಬಂದ ಮೇಲೆ ನಾಯಿ ಮತ್ತು ಮಗು ಇಬ್ಬರನ್ನೇ ಒಂದು ಕೋಣೆಯಲ್ಲಿ ಬಿಡಬಾರದು, ಎಷ್ಟೇ ಸಾಧು ನಾಯಿಯಾದರೂ. ರೇಬಿಸ್ ಲಸಿಕೆ, ಜಂತುಹುಳದ ಮಾತ್ರೆ ಬಾಕಿಯಿದ್ದರೆ ಈಗಲೇ ಮುಗಿಸಿ. ಕಿವಿಯ ಮಡಿಕೆ, ಬೆರಳುಗಳ ಸಂದಿ, ಕುತ್ತಿಗೆ ಪಟ್ಟಿಯ ಕೆಳಗೆ ಉಣ್ಣೆ ಇದೆಯಾ ನೋಡಿ. ಉಣ್ಣೆ ಗೋಡೆಯ ಬಿರುಕಿನಲ್ಲೂ ಮೊಟ್ಟೆ ಇಡುತ್ತದೆ, ಹಾಗಾಗಿ ನಾಯಿಗೆ ಮಾತ್ರ ಔಷಧಿ ಹಾಕಿದರೆ ಸಾಲದು. ನೆಂಟರು ಟಾಕ್ಸೊಪ್ಲಾಸ್ಮಾ (ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಕೊಡಬಲ್ಲ ಒಂದು ಸೂಕ್ಷ್ಮ ಪರಾವಲಂಬಿ) ಅಂತ ಹೆದರಿಸಿದರೆ ತಲೆ ಕೆಡಿಸಿಕೊಳ್ಳಬೇಡಿ. ಅದು ಹೆಚ್ಚಾಗಿ ಬರುವುದು ಬೆಕ್ಕಿನ ಮಲದಿಂದ, ಸರಿಯಾಗಿ ಬೇಯದ ಮಾಂಸದಿಂದ. ನಾಯಿ ಪಕ್ಕ ಮಲಗಿದ್ದಕ್ಕೆ ಬರುವ ಕಾಯಿಲೆ ಅಲ್ಲ.

ನನ್ನ ಪ್ರಕಾರ ನಿಮಗೆ ನಿಜವಾದ ಪರೀಕ್ಷೆ ಸೀಮಂತ ಆದ ಮೇಲೆ. ಹೆಂಡತಿ ಹೆರಿಗೆಗೆ ತವರಿಗೆ ಹೋಗುತ್ತಾರೆ ಅಂತಿಟ್ಟುಕೊಳ್ಳಿ. ಮನೆಯಲ್ಲಿ ನೀವು ಮತ್ತು ನಾಯಿ ಇಬ್ಬರೇ. ಅದು ಅವರನ್ನು ಹುಡುಕುತ್ತಾ ಕೋಣೆಯಿಂದ ಕೋಣೆಗೆ ಓಡಾಡುತ್ತದೆ, ನಿಮಗೂ ಬೇಜಾರು, ಮಂಚದಲ್ಲಿ ಅರ್ಧ ಖಾಲಿ. ಆಗ ಒಂದು ರಾತ್ರಿ ಕರೆದರೆ ಮುಗೀತು. ಬಾಣಂತನ ಮುಗಿಸಿ ತಾಯಿ ಮಗು ಬರುವ ದಿನ ಮತ್ತೆ ಇಳಿಸಬೇಕಾಗುತ್ತದೆ, ಮಗು ಬಂದಿದ್ದಕ್ಕೇ ತನ್ನ ಜಾಗ ಹೋಯಿತು ಅಂತ ಅದಕ್ಕೆ ಅನ್ನಿಸುತ್ತದೆ. ಅಷ್ಟು ಬೇಜಾರಾದರೆ ನೀವೇ ಕೆಳಗೆ ಚಾಪೆ ಹಾಕಿಕೊಂಡು ಅದರ ಪಕ್ಕ ಮಲಗಿ, ತಮಾಷೆಗೆ ಹೇಳುತ್ತಿಲ್ಲ. ಮಗು ಬರುವುದಕ್ಕೆ ಕೆಲವು ದಿನ ಮುಂಚೆ ಮಗು ಹೊದ್ದ ಬಟ್ಟೆಯೊಂದನ್ನು ತಂದು ಮೂಸೋಕೆ ಕೊಡಿ.

ಒಂದು ವಿಷಯ ನೀವು ಬರೆದಿಲ್ಲ. ಮಂಚದಿಂದ ಇಳಿಸಲು ಹೋದಾಗ, ಅಥವಾ ನಿದ್ದೆಯಲ್ಲಿ ಕಾಲು ತಾಗಿದಾಗ, ಅದು ಯಾವತ್ತಾದರೂ ಗುರ್ರೆಂದಿದೆಯಾ, ಮೈ ಬಿಗಿ ಮಾಡಿದೆಯಾ? ಹಾಗಿದ್ದರೆ ಮೇಲಿನದ್ದನ್ನೆಲ್ಲ ಶುರು ಮಾಡುವ ಮುಂಚೆ ಒಮ್ಮೆ ಪಶುವೈದ್ಯರಿಗೆ ಸೊಂಟ, ಕೀಲು ತೋರಿಸಿ. ಲ್ಯಾಬ್‌ಗಳಲ್ಲಿ ಸೊಂಟದ ಕೀಲಿನ ತೊಂದರೆ ಸಾಮಾನ್ಯ, ನೋವಿರುವ ನಾಯಿಯನ್ನು ಹತ್ತಿಳಿಸಿದರೆ ಗುರ್ರೆನ್ನದೆ ಇನ್ನೇನು ಮಾಡುತ್ತದೆ. ವೈದ್ಯರು ಏನಂದರು ಅಂತ ಇಲ್ಲೇ ಬರೆಯಿರಿ, ಮುಂದಿನದ್ದು ನೋಡೋಣ.